ಚಪ್ಪಾಳೆ ತಟ್ಟಿ ಕಲಿಸಿದ ಸ್ಪ್ಯಾನಿಷ್

ದಿಲ್ಲಿಯಲ್ಲಿ ಸ್ಪ್ಯಾನಿಷ್ ಕಲಿಸುವ ಕನ್ನಡದವಳು ನಗೆಪಾಟಲಿಗೆ ಈಡಾಗಲು ಮುಹೂರ್ತ ನೋಡಬೇಕಾಗಿಲ್ಲ, ಕ್ಲಾಸಿನ ಬಾಗಿಲು ತೆರೆದರೆ ಸಾಕು. ನಗುವಂಥದ್ದು ವಾರಕ್ಕೊಂದಾದರೂ ನಡೆಯುತ್ತಿತ್ತು. ಆಗ ನಾನು ನಕ್ಕಿದ್ದು ಕಡಿಮೆ. ಈಗ ಹೇಳುವಾಗ ಕೇಳುವವರು ನಗುತ್ತಾರೆ, ನಾನು ಅವರ ಮುಖ ನೋಡುತ್ತೇನೆ.

ನಾನು ದಾವಣಗೆರೆಯವಳು. ದಿಲ್ಲಿಗೆ ಹೋಗಿ ಸ್ಪ್ಯಾನಿಷ್‌ನಲ್ಲಿ ಎಂ.ಎ. ಮಾಡಿದೆ. ಯಾಕೆ ಮಾಡಿದೆ ಅಂತ ನಮ್ಮಮ್ಮ ಇವತ್ತಿಗೂ ಕೇಳುತ್ತಾಳೆ. ಓದು ಮುಗಿದ ಮೇಲೆ ಅಲ್ಲಿಯ ರೋಹಿಣಿ ಬಡಾವಣೆಯಲ್ಲಿ, ಮಾರ್ಕೆಟ್ಟಿನ ಹಿಂದಿನ ಮನೆಯೊಂದರ ಬೇಸ್‌ಮೆಂಟಿನಲ್ಲಿದ್ದ ಭಾಷಾ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಆ ಬೇಸ್‌ಮೆಂಟಿಗೆ ಬಿಸಿಲು ಬರುತ್ತಿರಲಿಲ್ಲ, ಮೊಬೈಲ್ ಸಿಗ್ನಲ್ ಬರುತ್ತಿರಲಿಲ್ಲ, ವಿದ್ಯಾರ್ಥಿಗಳೂ ಅಷ್ಟಾಗಿ ಬರುತ್ತಿರಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕೂ ಟ್ಯೂಬ್‌ಲೈಟ್ ಹಾಕಿಕೊಂಡೇ ಪಾಠ.

ಸಂಸ್ಥೆಯ ಮಾಲೀಕರು ಕೆಟ್ಟವರಲ್ಲ. ಮೊದಲು ಸ್ವೆಟರ್ ಅಂಗಡಿ ಇಟ್ಟಿದ್ದವರು. ಯಾವ ಚಳಿಗಾಲಕ್ಕೆ ಯಾವ ಬಣ್ಣ ಓಡುತ್ತದೆ ಎಂದು ನೋಡುತ್ತಿದ್ದ ಕಣ್ಣಲ್ಲೇ ಯಾವ ವರ್ಷಕ್ಕೆ ಯಾವ ಭಾಷೆ ಓಡುತ್ತದೆ ಎಂದೂ ನೋಡುತ್ತಿದ್ದರು. ಅದು ಅಮೆರಿಕದ ಬ್ಯಾಂಕುಗಳು ಮುಳುಗಿ ಇಲ್ಲಿ ನಮ್ಮ ಹೊಟ್ಟೆಗೆ ತಣ್ಣೀರು ಬಟ್ಟೆ ಬಿದ್ದ ಕಾಲ. ಚಳಿಗಾಲದ ಆರಂಭದಲ್ಲೇ ನನ್ನನ್ನು ಕರೆದು ಹೇಳಿದರು:

"ನೋಡಿ ಮೇಡಂ, ಇರೋದು ಒಂದೇ ಕೋಣೆ. ಸ್ಪ್ಯಾನಿಷ್, ಜರ್ಮನ್ ಎರಡೂ ಸಾಕೋಕೆ ಆಗಲ್ಲ. ಮಾರ್ಚಿನಲ್ಲಿ ಹೊರಗಿನ ಪರೀಕ್ಷಕರು ಬರ್ತಾರೆ. ಎರಡೂ ಬ್ಯಾಚಿನ ರಿಸಲ್ಟ್ ನೋಡ್ತೀನಿ. ನೋಡಿ ಒಂದನ್ನು ಮುಚ್ತೀನಿ."

ಸ್ಪ್ಯಾನಿಷ್ ಮುಚ್ಚಿದರೆ ನಾನೂ ಮುಚ್ಚಿದ ಹಾಗೆ. ಬೇರೆ ಕಡೆ ಅರ್ಜಿ ಹಾಕಿ ನೋಡಿದ್ದೆ, ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಉಳಿದ ದಾರಿ ದಾವಣಗೆರೆ. ಅಲ್ಲಿ ಸ್ಪ್ಯಾನಿಷ್ ಮಾತಾಡಬೇಕೆಂದರೆ ನನಗೆ ನಾನೇ ಮಾತಾಡಿಕೊಳ್ಳಬೇಕು. ಹಾಗಾಗಿ ಆ ಚಳಿಗಾಲ ಪೂರ್ತಿ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು: ಈ ಬ್ಯಾಚು ಪಾಸಾಗಬೇಕು.

ಹಲಗೆಯ ಮೇಲೆ ಲಘು ಗುರು

ಸ್ಪ್ಯಾನಿಷ್ ಕ್ರಿಯಾಪದ ಒಂದು ತಲೆನೋವು. ಪ್ರತಿ ರೂಪದಲ್ಲೂ ಯಾವುದೋ ಒಂದು ಅಕ್ಷರವನ್ನು ಒತ್ತಿ ಹೇಳಬೇಕು, ಆ ಒತ್ತು ಒಂದು ಕಡೆ ನಿಲ್ಲುವುದಿಲ್ಲ. ಮಾತಾಡುವುದಕ್ಕೆ 'ಅಬ್ಲಾರ್' ಅನ್ನುತ್ತಾರೆ. ನಾನು ಮಾತಾಡುತ್ತೇನೆ ಅಂದರೆ 'ಆಬ್ಲೊ', ಒತ್ತು ಮೊದಲ ಅಕ್ಷರಕ್ಕೆ. ನಾವು ಮಾತಾಡುತ್ತೇವೆ ಅಂದರೆ 'ಅಬ್ಲಾಮೊಸ್', ಒತ್ತು ಜಾರಿ ನಡುವಿನ 'ಬ್ಲಾ' ಮೇಲೆ ಕೂತುಬಿಡುತ್ತದೆ. ಕನ್ನಡದವರು ನಾವು ಎಲ್ಲ ಅಕ್ಷರಕ್ಕೂ ಸಮಪಾಲು ಕೊಡುವ ಜನ. ನಾನು ಎಂ.ಎ.ಗೆ ಸೇರಿದ ಹೊಸತರಲ್ಲಿ ನಮ್ಮ ಪ್ರೊಫೆಸರ್, "ನೀನು ಸ್ಪ್ಯಾನಿಷ್ ಮಾತಾಡೋದಿಲ್ಲ, ಇಸ್ತ್ರಿ ಮಾಡ್ತೀಯ" ಎಂದಿದ್ದರು.

ಆಗ ನನ್ನನ್ನು ಕಾಪಾಡಿದ್ದು ಹೈಸ್ಕೂಲಿನ ಕನ್ನಡ ಮೇಷ್ಟ್ರು ಕಲಿಸಿದ ಪ್ರಸ್ತಾರ. ಪದ್ಯದ ಸಾಲು ಬರೆದು, ಅಕ್ಷರ ಬಿಡಿಸಿ, ತಲೆಯ ಮೇಲೆ ಲಘುವಿಗೆ ಬಟ್ಟಲು, ಗುರುವಿಗೆ ಗೆರೆ ಹಾಕಿ ಮಾರ್ಕು ತೆಗೆದುಕೊಳ್ಳುತ್ತಿದ್ದೆವಲ್ಲ, ಅದೇ. ಸ್ಪ್ಯಾನಿಷ್‌ನವರು 'ಆಬ್ಲೊ' ಒಡೆಯುವುದು 'ಆ', 'ಬ್ಲೊ' ಅಂತ. ನಮ್ಮ ಲಿಪಿಯಲ್ಲಿ ಬರೆದರೆ ಅದು ತಾನಾಗಿಯೇ ಹಾಗೆ ಒಡೆದಿರುತ್ತದೆ. ಒತ್ತು ಬೀಳುವ ಅಕ್ಷರಕ್ಕೆ ಗೆರೆ, ಮಿಕ್ಕದ್ದಕ್ಕೆ ಬಟ್ಟಲು. ನನ್ನ ಪ್ರೊಫೆಸರಿಗೂ ಗೊತ್ತಿಲ್ಲದ ಈ ವಿದ್ಯೆಯನ್ನು ನಾನು ರೋಹಿಣಿಯ ಪಂಜಾಬಿ ಮಕ್ಕಳಿಗೆ ಧಾರೆ ಎರೆದೆ.

ಮಾಲೀಕರು ಒಂದು ದಿನ ಇಣುಕಿ ನೋಡಿದವರು ಹಲಗೆ ತುಂಬ ಬಟ್ಟಲು, ಗೆರೆ ಕಂಡು ದಂಗಾದರು. ತಮ್ಮ ಹೊಸ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹೋದರು. ಮುಂದಿನ ಭಾನುವಾರ ಇಡೀ ಬಡಾವಣೆಯ ಮನೆಗಳ ಪೇಪರಿನೊಳಗೆ ಗುಲಾಬಿ ಬಣ್ಣದ ಚೀಟಿ ಬಂತು: 'ವೈಜ್ಞಾನಿಕ ವಿಧಾನದಲ್ಲಿ ಸ್ಪ್ಯಾನಿಷ್'. ಕೆಳಗೆ ನನ್ನ ಲಘು ಗುರು.

ಆ ಚೀಟಿ ನೋಡಿ ಬಂದದ್ದು ಒಬ್ಬರೇ ಒಬ್ಬರು. ಐವತ್ತರ ಆಸುಪಾಸಿನ ಗೃಹಸ್ಥರು, ನಿದ್ದೆಯಿಲ್ಲದ ಕಣ್ಣು. ಹಿಂದಿನ ಬೆಂಚಿನಲ್ಲಿ ಕೂತು ಹಲಗೆಯಲ್ಲಿದ್ದ ಒಂದೊಂದು ಚಿಹ್ನೆಯನ್ನೂ ಬರೆದುಕೊಂಡರು. ಇಂಥ ಶ್ರದ್ಧೆ ನಾನು ಯಾರಲ್ಲೂ ಕಂಡಿರಲಿಲ್ಲ, ಒಬ್ಬರಾದರೂ ಖಂಡಿತ ಪಾಸು ಅಂತ ಮನಸ್ಸಿನಲ್ಲೇ ಹಿಗ್ಗಿದೆ. ಪಾಠ ಮುಗಿದ ಮೇಲೆ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು: "ಎಲ್ಲ ಅರ್ಥವಾಯ್ತು ಮೇಡಂಜಿ. ಈ ಬಟ್ಟಲು ಬಂದಾಗ ಷೇರು ಕೊಳ್ಳೋದು, ಗೆರೆ ಬಂದಾಗ ಮಾರೋದು, ಅಲ್ವಾ?"

ಮಂಗಳವಾರದ ಕೀರ್ತನೆ

ಗೆರೆ ಬಟ್ಟಲಿನಿಂದ ಕಣ್ಣಿಗೆ ತಿಳಿಯುತ್ತಿತ್ತು, ನಾಲಿಗೆಗೆ ತಿಳಿಯುತ್ತಿರಲಿಲ್ಲ. ಅದಕ್ಕೆ ಚಪ್ಪಾಳೆ ಶುರು ಮಾಡಿದೆ. ಒತ್ತಿರುವ ಕಡೆ ಜೋರು ಚಪ್ಪಾಳೆ, ಇಲ್ಲದ ಕಡೆ ತೊಡೆಯ ಮೇಲೆ ಮೆಲ್ಲಗೆ ಒಂದು ತಟ್ಟು. ಆಬ್ಲೊ, ಆಬ್ಲಸ್, ಆಬ್ಲ, ಅಬ್ಲಾಮೊಸ್, ಅಬ್ಲಾಯ್ಸ್, ಆಬ್ಲನ್. ಬೇಸ್‌ಮೆಂಟಿನಲ್ಲಿ ಇದನ್ನು ಎಲ್ಲರೂ ಒಟ್ಟಿಗೆ ಹೇಳಿದರೆ ಕಿವಿ ತುಂಬುತ್ತಿತ್ತು. ಚಳಿಗೂ ಒಳ್ಳೆಯದಾಗಿತ್ತು.

ಒಂದು ಮಂಗಳವಾರ ಮಧ್ಯಾಹ್ನ ನಾವು ಹೀಗೆ ತಟ್ಟುತ್ತಿರುವಾಗ ಮೇಲಿನ ಮನೆಯ ಆಂಟೀಜಿ ಮೆಟ್ಟಿಲಿಳಿದು ಬಂದರು. ಹಿಂದೆ ಇಬ್ಬರು ಗೆಳತಿಯರು. ಮೂವರೂ ತಲೆಯ ಮೇಲೆ ದುಪಟ್ಟಾ ಹೊದ್ದಿದ್ದರು. ಆಂಟೀಜಿ ಕಂಕುಳಲ್ಲಿ ಢೋಲಕ್. ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು, ನನ್ನ ಹಲಗೆಗೆ ಕೈಮುಗಿದು, ಹಿಂದೆ ನೆಲದ ಮೇಲೆ ಕೂತರು. ಮಂಗಳವಾರ ಆ ಕಡೆ ಮನೆಮನೆಯಲ್ಲಿ ಹೆಂಗಸರು ಸೇರಿ ಕೀರ್ತನೆ ಮಾಡುತ್ತಾರೆ. ಕೆಳಗಿನವರೂ ಶುರು ಮಾಡಿದರು, ನಮ್ಮನ್ನು ಕರೆಯಲೇ ಇಲ್ಲವಲ್ಲ ಅಂತ ತಾವಾಗಿಯೇ ಬಂದಿದ್ದರು.

ಎದ್ದು ಹೋಗಿ ಅನ್ನಲು ನನಗೆ ಬಾಯಿ ಬರಲಿಲ್ಲ. ಚಪ್ಪಾಳೆ ಮುಂದುವರಿಸಿದೆ. ಆಂಟೀಜಿ ಎರಡೇ ಸುತ್ತಿನಲ್ಲಿ ಒತ್ತು ಎಲ್ಲಿ ಬೀಳುತ್ತದೆಂದು ಹಿಡಿದು ಢೋಲಕ್ಕಿನ ಎಡಗಡೆ ಒಂದು ಗುದ್ದು ಗುದ್ದಿದರು ನೋಡಿ, ಮೂರು ತಿಂಗಳಿಂದ 'ಅಬ್ಲಾಮೊಸ್' ಬಾರದಿದ್ದ ಕಾಲೇಜು ಹುಡುಗಿಯ ಬಾಯಲ್ಲಿ ಅದು ಸಲೀಸಾಗಿ ಬಂತು.

ಕೊನೆಯಲ್ಲಿ ಆಂಟೀಜಿ, "ಭಜನೆ ಚೆನ್ನಾಗಿದೆ ಬೇಟಾ, ಆದರೆ ಭಗವಂತನ ಹೆಸರೇ ಬರಲಿಲ್ಲವಲ್ಲ?" ಎಂದರು.

"ಇದು ಭಜನೆ ಅಲ್ಲ ಆಂಟೀಜಿ, ವ್ಯಾಕರಣ."

"ಅಚ್ಛಾ," ಎಂದು ಸ್ವಲ್ಪ ಯೋಚಿಸಿದರು. "ಆದರೂ ಮನಸ್ಸಿಗೆ ಶಾಂತಿ ಸಿಕ್ಕಿತು. ನಾನು ದಿನಾ ಬರ್ತೀನಿ."

ನಿಜವಾಗಿಯೂ ದಿನಾ ಬಂದರು. ಮಾಲೀಕರಿಗೆ ಒಬ್ಬರು ಹೆಚ್ಚಾದರೆಂದು ಖುಷಿ. ಪರೀಕ್ಷೆಗೂ ಅವರ ಹೆಸರು ಬರೆಸಿದರು. ಫೀಸು ಕೇಳಲು ಮೇಲೆ ಹೋದವರು ಹೋದಷ್ಟೇ ಬೇಗ ಇಳಿದು ಬಂದರು. ಬೇಸ್‌ಮೆಂಟ್ ಆಂಟೀಜಿಯದ್ದೇ. ಫೀಸಿನ ಮಾತೆತ್ತಿದ ಕೂಡಲೇ ಅವರು ಬಾಡಿಗೆಯ ಮಾತೆತ್ತಿದರಂತೆ.

ಓಖ್ಲಾದ ಜಿ.ಎಂ. ಸಾಹೇಬರು

ನಡುವೆ ಒಂದು ಆಸೆ ಚಿಗುರಿತ್ತು. ದಿಲ್ಲಿಯ ಇನ್ನೊಂದು ತುದಿಯ ಓಖ್ಲಾದಲ್ಲಿ ಸಿದ್ಧ ಉಡುಪು ರಫ್ತು ಮಾಡುವ ಒಂದು ಕಂಪನಿಗೆ ಸ್ಪೇನಿನಿಂದ ಗಿರಾಕಿ ಬರುವವನಿದ್ದ. ಆಫೀಸಿನವರಿಗೆ ನಾಲ್ಕು ಮಾತು ಕಲಿಸಿ ಎಂದು ನಮ್ಮನ್ನು ಕೇಳಿದರು. "ಇದು ಗಟ್ಟಿಯಾದರೆ ಪರೀಕ್ಷೆಯ ಚಿಂತೆಯೇ ಬೇಡ ಮೇಡಂ, ಸ್ಪ್ಯಾನಿಷ್ ಉಳೀತು" ಎಂದು ಮಾಲೀಕರೇ ಹೇಳಿದ್ದರಿಂದ ಶನಿವಾರ ಶನಿವಾರ ಎರಡು ಬಸ್ಸು ಬದಲಿಸಿ, ಮಂಜಿನಲ್ಲಿ ಮೂಗು ಒರೆಸಿಕೊಳ್ಳುತ್ತ ಓಖ್ಲಾಕ್ಕೆ ಹೋದೆ.

ಅಲ್ಲಿ ಕ್ಲಾಸಿನಲ್ಲಿ ಜನರಲ್ ಮ್ಯಾನೇಜರ್ ಸಾಹೇಬರೂ ಕೂರುತ್ತಿದ್ದರು. ಆ ಆಫೀಸಿನ ಪದ್ಧತಿ ಏನೆಂದರೆ, ಸಾಹೇಬರು ಮೊದಲು ಬಾಯಿ ತೆರೆಯಬೇಕು, ಆಮೇಲೆ ಉಳಿದವರು. ಸಾಹೇಬರಿಗೆ ಯಾವ ಪದವಾದರೂ ಕೊನೆಯ ಅಕ್ಷರವನ್ನು ಎತ್ತಿ ಕುಕ್ಕುವ ಅಭ್ಯಾಸ. 'ಅಬ್ಲಾಮೊಸ್' ಅನ್ನಿ ಸರ್ ಅಂದರೆ 'ಅಬ್ಲಮೋಸ್' ಅನ್ನುವರು. ಕೂಡಲೇ ಅಕೌಂಟ್ಸ್, ಮರ್ಚಂಡೈಸಿಂಗ್, ಪ್ಯಾಕಿಂಗ್ ಎಲ್ಲರೂ ಒಂದೇ ಕಂಠದಲ್ಲಿ 'ಅಬ್ಲಮೋಸ್'!

ನಾನು ಹಲಗೆಯ ಮೇಲೆ ಗೆರೆ ಎಳೆದೆ, ಚಪ್ಪಾಳೆ ತಟ್ಟಿದೆ, ಮೇಜು ಗುದ್ದಿದೆ. ಊಟದ ಹೊತ್ತಿನಲ್ಲಿ, ಆರ್ಡರು ನೋಡಿಕೊಳ್ಳುವ ಒಬ್ಬ ಮರ್ಚಂಡೈಸರ್ ನನ್ನ ಹತ್ತಿರ ಬಂದು ತಪ್ಪಿಲ್ಲದೆ ಆರೂ ರೂಪ ಹೇಳಿ ತೋರಿಸಿದ. ಎಷ್ಟು ಚಂದ ಹೇಳಿದನೆಂದರೆ ನಾನು ತುತ್ತು ಕೆಳಗಿಟ್ಟು ಕೇಳಿದೆ.

"ಇದನ್ನೇ ಕ್ಲಾಸಿನಲ್ಲಿ ಹೇಳಬಾರದೇನಪ್ಪಾ?" ಎಂದೆ.

"ಸಾಹೇಬರ ಎದುರಿಗಾ ಮೇಡಂ? ಮುಂದಿನ ತಿಂಗಳು ಅಪ್ರೈಸಲ್ ಇದೆ."

ಗಿರಾಕಿ ಬಂದ. ಇಡೀ ಆಫೀಸು ಸಾಲಾಗಿ ನಿಂತು ಸಾಹೇಬರ ಸ್ಪ್ಯಾನಿಷ್‌ನಲ್ಲಿ ಸ್ವಾಗತ ಕೋರಿತು. ಅವನು ತುಂಬ ಸಭ್ಯ. ಎಲ್ಲ ಕೇಳಿ, "ಇಷ್ಟು ಜನ ಒಂದೇ ಥರ ಮಾತಾಡ್ತೀರಿ ಅಂದರೆ ನಿಮಗೆ ಕಲಿಸಿದವರು ಯಾವುದೋ ಒಂದು ಊರಿನವರೇ ಇರಬೇಕು. ಯಾವ ಊರು?" ಎಂದು ಇಂಗ್ಲಿಷಿನಲ್ಲಿ ಕೇಳಿದನಂತೆ. ಸಾಹೇಬರು ಹಿಂದೆ ಮುಂದೆ ನೋಡದೆ ಹೇಳಿದರಂತೆ: "ದಾವಣಗೆರೆ."

ಮುಂದಿನ ಶನಿವಾರದಿಂದ ಬರುವುದು ಬೇಡ ಎಂದರು, ಓಖ್ಲಾ ಅಲ್ಲಿಗೆ ಮುಗಿಯಿತು. ಸಂಜೆ ರೂಮಿಗೆ ಬಂದು ರಜಾಯಿ ಹೊದ್ದು ಮಲಗಿದೆ. ನನ್ನ ಜೊತೆ ರೂಮಿನಲ್ಲಿದ್ದವಳು ಬೀದರಿನವಳು, ಗುರಗಾಂವಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದಳು. ಟೀ ಮಾಡಿ ತಂದುಕೊಟ್ಟು ಪಕ್ಕದಲ್ಲಿ ಕೂತು ಬೆನ್ನು ಸವರಿದಳು.

"ಅಳಬೇಡ್ವೇ. ನೀನು ಊರಿಗೆ ಹೋಗಿಬಿಟ್ಟರೆ ನನಗೆಷ್ಟು ಕಷ್ಟ ಗೊತ್ತಾ?"

ಈ ಊರಿನಲ್ಲಿ ನನಗಾಗಿ ಮರುಗುವವರು ಒಬ್ಬರಾದರೂ ಇದ್ದಾರಲ್ಲ ಎಂದು ಕಣ್ಣೊರೆಸಿಕೊಂಡೆ.

"ನಿಜ ಕಣೇ," ಎಂದಳು ಅವಳು, "ಬಾಡಿಗೆ ಗೀಸರ್ ನಿನ್ನ ಹೆಸರಲ್ಲಿದೆ."

ಫರೀದಾಬಾದಿನ ಯಂತ್ರ

ಬ್ಯಾಚಿನಲ್ಲಿ ನನ್ನ ಎದೆ ನಡುಗಿಸುತ್ತಿದ್ದವನು ಒಬ್ಬ ಇಂಜಿನಿಯರ್. ಫರೀದಾಬಾದಿನ ಕಾರ್ಖಾನೆಯಲ್ಲಿ ಕೆಲಸ, ಅತ್ತೆಮನೆ ರೋಹಿಣಿಯಲ್ಲಿ. ಕಂಪನಿ ಅವನನ್ನು ಮೆಕ್ಸಿಕೊಗೆ ಕಳಿಸುವುದರಲ್ಲಿತ್ತು. ಪಾಪ, ಬಹಳ ಕಷ್ಟಪಡುತ್ತಿದ್ದ. ಆದರೆ ಯಾವ ಪದ ಕೊಟ್ಟರೂ ಒತ್ತು ಮೊದಲ ಅಕ್ಷರಕ್ಕೇ. ಒಬ್ಬ ಫೇಲಾದರೂ ರಿಸಲ್ಟ್ ಕೆಡುತ್ತದೆ, ಆ ಒಬ್ಬ ಇವನೇ ಅನ್ನುವುದರಲ್ಲಿ ನನಗೆ ಅನುಮಾನ ಇರಲಿಲ್ಲ.

"ಎಲ್ಲಿ ಅಭ್ಯಾಸ ಮಾಡ್ತೀರಿ?" ಎಂದು ಕೇಳಿದೆ.

"ಪ್ರೆಸ್ ಮೆಷಿನ್ ಪಕ್ಕ ನಿಂತು, ಮೇಡಂ. ಧಡ್ ಅಂತ ಬೀಳೋದು ಸೇರಿಸಿಕೊಂಡು ಹೇಳ್ತೀನಿ. ಧಡ್ ಮೊದಲು ಬರತ್ತೆ, ಟಿಕ್ ಟಿಕ್ ಆಮೇಲೆ."

ಯಂತ್ರ ಬಿಟ್ಟು ಬೇರೆ ಕಡೆ ಅಭ್ಯಾಸ ಮಾಡಿ ಅಂದೆ. ಮನೆಯಲ್ಲಿ ಮಗು, ಬಸ್ಸಿನಲ್ಲಿ ನೂಕುನುಗ್ಗಲು, ಅತ್ತೆಮನೆಯಲ್ಲಿ ಅತ್ತೆ. ಅವನಿಗೆ ಇದ್ದ ಏಕಾಂತ ಆ ಯಂತ್ರದ ಪಕ್ಕದ್ದೇ. ಜನವರಿಯಲ್ಲಿ ಒಂದು ದಿನ ಎಲ್ಲ ಪದಕ್ಕೂ ಕೊನೆಯಲ್ಲಿ ಒತ್ತು ಹಾಕತೊಡಗಿದ. ಏನಾಯ್ತು ಅಂದರೆ, "ಹೊಸ ಮೆಷಿನ್ ಬಂತು ಮೇಡಂ" ಎಂದು ತಲೆ ತಗ್ಗಿಸಿದ. ಆ ಕಾರ್ಖಾನೆ ಒಂದು ತಿಂಗಳು ನಿಂತುಹೋಗಲಪ್ಪಾ ದೇವರೇ ಅಂತ ನಾನು ಬೇಡಿಕೊಂಡದ್ದುಂಟು. ಹಾಗೆ ಬೇಡಬಾರದಿತ್ತು.

ಫೆಬ್ರವರಿಯಲ್ಲಿ ಅವನು ಬಂದು ಕೂತು, ನಾನು ಕೇಳುವ ಮೊದಲೇ ಆರೂ ರೂಪಗಳನ್ನು ಒತ್ತು ಬೀಳಬೇಕಾದಲ್ಲೇ ಬೀಳಿಸಿ ಹೇಳಿದ. ಕ್ಲಾಸೆಲ್ಲ ಚಪ್ಪಾಳೆ.

"ಹೇಗೆ ಬಂತು?" ಎಂದೆ.

"ಆರ್ಡರ್ ಇಲ್ಲ ಮೇಡಂ. ಮೆಷಿನ್ ನಿಲ್ಲಿಸಿಬಿಟ್ಟರು," ಎಂದು ನಗಲು ನೋಡಿದ. "ಮೆಕ್ಸಿಕೊ ಕ್ಯಾನ್ಸಲ್ ಆಯ್ತು. ಉಚ್ಚಾರಣೆ ಸರಿಹೋಯ್ತು."

ಭೂಕಂಪ ಮತ್ತು ರಿಸಲ್ಟು

ಮಾರ್ಚಿನಲ್ಲಿ ಪರೀಕ್ಷಕರು ಬಂದರು. ಸ್ಪೇನಿನ ಹಿರಿಯ ಹೆಂಗಸು, ತೆಳ್ಳಗೆ, ಕೊರಳಲ್ಲಿ ದಾರ ಕಟ್ಟಿದ ಕನ್ನಡಕ. ನಮ್ಮ ಕೋಣೆಯನ್ನು ಪ್ಲೈವುಡ್ಡಿನಿಂದ ಎರಡು ಮಾಡಿ ಆ ಕಡೆ ಅವರನ್ನು ಕೂರಿಸಿದ್ದೆವು. ಅವರ ಮೇಜು ಪ್ಲೈವುಡ್ಡಿಗೆ ತಾಗಿಕೊಂಡಿತ್ತು. ಈ ಕಡೆ ನಮ್ಮವರು ಕೂತ ಬೆಂಚನ್ನೂ ಅದಕ್ಕೇ ಮೊಳೆ ಹೊಡೆದು ನಿಲ್ಲಿಸಿದ್ದು.

ಶುರುವಾಗುವ ಮೊದಲೇ ಅವರೊಂದು ನಿಯಮ ಹೇಳಿದರು: ಮಾತಾಡುವಾಗ ಕೈ ಮಡಿಲಲ್ಲಿರಬೇಕು, ಚಪ್ಪಾಳೆ ಕೂಡದು. ಯಾರೋ ಅವರಿಗೆ ನಮ್ಮ ಪದ್ಧತಿಯನ್ನು ಮೊದಲೇ ತಿಳಿಸಿದ್ದರು. ನಮ್ಮವರ ಮುಖ ಒಂದೇ ಸಲಕ್ಕೆ ಕಪ್ಪಿಟ್ಟಿತು. ಕೈ ಕಟ್ಟಿ ಹಾಕಿದರೆ ಒಬ್ಬರ ಬಾಯಲ್ಲೂ ಕ್ರಿಯಾಪದ ಹೊರಡುವುದಿಲ್ಲ ಎಂದು ನನಗೆ ಗೊತ್ತಿತ್ತು. ದಾವಣಗೆರೆಯ ಟಿಕೆಟ್ ಈಗಲೇ ತೆಗೆಸಬೇಕು ಅನ್ನಿಸಿತು.

ಆಗ ಇಂಜಿನಿಯರ್ ಪಿಸುಗುಟ್ಟಿದ: "ಕಾಲಿನ ಬಗ್ಗೆ ಏನೂ ಹೇಳಿಲ್ಲವಲ್ಲ."

ಒಳಗೆ ಕಾಲೇಜು ಹುಡುಗಿಯ ಸರದಿ. ಹೊರಗೆ ಬೆಂಚಿನಲ್ಲಿದ್ದವರು ಶೂ ಕಾಲಿನಲ್ಲಿ ಅಭ್ಯಾಸಕ್ಕೆ ಇಳಿದರು. ಆಬ್ಲೊ, ಧಡ್. ಅಬ್ಲಾಮೊಸ್, ನಡುವಿನಲ್ಲಿ ಧಡ್. ಆಂಟೀಜಿ ಎರಡೂ ಕಾಲು ಎತ್ತಿ ಕುಕ್ಕುತ್ತಿದ್ದರು. ಬೆಂಚು ಅಲುಗಿತು, ಬೆಂಚಿನಿಂದ ಪ್ಲೈವುಡ್, ಪ್ಲೈವುಡ್ಡಿನಿಂದ ಮೇಜು. ಮೇಜಿನ ಮೇಲಿದ್ದ ನೀರಿನ ಲೋಟ ತಾನಾಗಿ ನಡೆಯತೊಡಗಿತಂತೆ. ದಿಲ್ಲಿಯಲ್ಲಿ ಆಗಾಗ ನೆಲ ನಡುಗುತ್ತದೆ ಎಂದು ಆಕೆಗೆ ಯಾರೋ ಹೇಳಿದ್ದರು. "ತೆರ್‍ರೆಮೋತೊ!" ಎಂದು ಕಿರುಚಿ ಹೊರಗೆ ಹಾರಿದರು.

ಆ ಪದ ನಾನು ಕಲಿಸಿರಲಿಲ್ಲ. ಆದರೆ ಪರೀಕ್ಷಕರೇ ಓಡುತ್ತಿರುವಾಗ ಅರ್ಥ ಕೇಳಿಕೊಂಡು ಕೂರುವವರು ಯಾರು? ಎಲ್ಲರೂ ಎದ್ದು ಮೆಟ್ಟಿಲಿಗೆ ಮುಗಿಬಿದ್ದರು. ಓಡುವ ಕಾಲುಗಳಿಗೆ ಬೆಂಚು ಇನ್ನಷ್ಟು ಅಲುಗಿತು, ನನಗೂ ನಿಜವೇ ಇರಬೇಕು ಅನ್ನಿಸಿ ನಾನೂ ಓಡಿದೆ. ನಮ್ಮನ್ನು ನೋಡಿ ಪಕ್ಕದ ಮನೆಯವರು ಗ್ಯಾಸ್ ಆರಿಸಿ ಹೊರಗೆ ಬಂದರು. ಅವರನ್ನು ನೋಡಿ ಇಡೀ ಗಲ್ಲಿ ಬೀದಿಗಿಳಿಯಿತು.

ಮತ್ತೆ ಆ ಬೇಸ್‌ಮೆಂಟಿಗೆ ಕಾಲಿಡುವುದಿಲ್ಲ ಎಂದು ಆಕೆ ಹಟ ಹಿಡಿದರು. ಹಾಗಾಗಿ ಉಳಿದ ಪರೀಕ್ಷೆ ಬೀದಿಯಲ್ಲೇ, ಗಲ್ಲಿಯ ಚಹಾ ಅಂಗಡಿಯ ಭಯ್ಯಾನ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ. ಆ ವರ್ಷದಲ್ಲಿ ನಾವೆಲ್ಲ ಒಟ್ಟಿಗೆ ಬಿಸಿಲಿಗೆ ಕೂತದ್ದು ಅದೇ ಮೊದಲು. ನಮ್ಮವರು ಕೈ ಮಡಿಲಲ್ಲಿಟ್ಟುಕೊಂಡು, ಟಾರು ರಸ್ತೆಯ ಮೇಲೆ ನಿಶ್ಚಿಂತೆಯಿಂದ ಕಾಲು ಕುಕ್ಕುತ್ತ ಹೇಳಿದರು ನೋಡಿ, ಒಂದು ಒತ್ತು ತಪ್ಪಲಿಲ್ಲ. ಸುತ್ತ ನಿಂತ ಗಲ್ಲಿಯವರು 'ವಾಹ್ ವಾಹ್' ಅಂದರು. ಆಂಟೀಜಿ ಮಾತಾಡಿ ಮುಗಿಸಿದ ಮೇಲೆ ಪರೀಕ್ಷಕರೇ ಎದ್ದು ಅವರ ಕೈ ಕುಲುಕಿದರು. ನಾನು ಗೋಡೆ ಕಡೆ ತಿರುಗಿ ಅತ್ತುಬಿಟ್ಟೆ. ಸಂತೋಷಕ್ಕೇ ಅತ್ತದ್ದು.

ಎರಡು ವಾರ ಕಳೆದು ಮಾಲೀಕರು ಮಿಠಾಯಿ ಡಬ್ಬ ಹಿಡಿದುಕೊಂಡು ಬಂದರು. ನನ್ನ ಕೈಗೊಂದು ಲಡ್ಡು ಇಟ್ಟು, "ಎಲ್ಲರೂ ಪಾಸ್ ಮೇಡಂ! ಒಬ್ಬರೂ ಬಿಡದ ಹಾಗೆ! ಆಂಟೀಜಿಗೆ ಎಲ್ಲರಿಗಿಂತ ಹೆಚ್ಚು. ನಮ್ಮ ಸಂಸ್ಥೆಯಲ್ಲಿ ಇಂಥದ್ದು ಆಗಿಯೇ ಇಲ್ಲ," ಎಂದರು.

"ಹಾಗಾದರೆ ಕೋಣೆ ನಮಗೇ ಅಲ್ವಾ ಸರ್?"

"ಇಲ್ಲ ಮೇಡಂ. ಕೋಣೆ ಜರ್ಮನ್‌ಗೆ."

ಲಡ್ಡು ಕೈಯಲ್ಲೇ ಉಳಿಯಿತು.

"ನೀವೇ ಯೋಚನೆ ಮಾಡಿ," ಎಂದು ಕುರ್ಚಿ ಎಳೆದುಕೊಂಡು ಕೂತರು. "ವ್ಯಾಪಾರ ಬಿದ್ದುಹೋದ ಈ ಕಾಲದಲ್ಲಿ ಹೊಸಬರು ಯಾರು ಬರ್ತಾರೆ? ಜರ್ಮನ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಫೇಲು. ಅವರೆಲ್ಲ ಮತ್ತೆ ಫೀಸು ಕಟ್ಟಿದ್ದಾರೆ, ಬ್ಯಾಚು ಭರ್ತಿ. ನಿಮ್ಮವರು ಎಲ್ಲರೂ ಪಾಸಾಗಿ ಮನೆಗೆ ಹೋದರು. ಇನ್ನು ಆಂಟೀಜಿ ಇದ್ದರು, ಅವರೂ ಜರ್ಮನ್ ಕಲೀತೀನಿ ಅಂತಿದ್ದಾರೆ. ನಾಳೆ ಬೆಳಿಗ್ಗೆ ನೀವು ಪಾಠ ಮಾಡೋದು ಯಾರಿಗೆ, ಹೇಳಿ?"

ಒಬ್ಬೊಬ್ಬರನ್ನೂ ಹಿಡಿದು, ತಿದ್ದಿ, ತಟ್ಟಿ, ನನ್ನ ಕೆಲಸವನ್ನು ನಾನೇ ಕೈಯಾರೆ ಮುಗಿಸಿದ್ದೆ. ಅವರಿಗೂ ನನ್ನ ಮುಖ ನೋಡಲಾಗಲಿಲ್ಲ ಅನ್ನಿಸುತ್ತದೆ. ಇನ್ನೊಂದು ಲಡ್ಡು ಮುಂದೆ ಹಿಡಿದರು.

"ಬೇಜಾರು ಮಾಡ್ಕೋಬೇಡಿ ಮೇಡಂ. ನಿಮ್ಮನ್ನು ಹಾಗೇ ಕಳಿಸೋಕೆ ನನಗೂ ಮನಸ್ಸಿಲ್ಲ. ಸಂಜೆ ಜರ್ಮನ್ ಬ್ಯಾಚಿನಲ್ಲಿ ಒಂದು ಸೀಟು ಉಳಿದಿದೆ. ನಿಮ್ಮ ಹೆಸರು ಬರೆದುಕೊಳ್ಳಲಾ? ಸ್ಟಾಫ್ ಅಂತ ಫೀಸಿನಲ್ಲಿ ರಿಯಾಯಿತಿ ಕೊಡ್ತೀನಿ."

ನನಗೆ ಆ ಡಬ್ಬ ಎತ್ತಿ ಅವರ ತಲೆಯ ಮೇಲೆ ಸುರಿಯುವಷ್ಟು ಸಿಟ್ಟು ಬಂದಿತ್ತು. ಬಾಯಿ ತೆರೆದೆ. ತೆರೆದ ಬಾಯಿಂದ ಬಂದದ್ದು ಇಷ್ಟೇ:

"ಎಷ್ಟು ರಿಯಾಯಿತಿ, ಸರ್?"